ಸೋಮವಾರ ಹಿಡಿದ ಮೋಟಾರು

ಆಡೂರಿನ ಕುಬೇರಪ್ಪನ ಮೋಟಾರನ್ನು ಹದಿನಾಲ್ಕು ಮಂದಿ ನೂಕಿ ಊರೊಳಗೆ ತಂದರೆಂದು ಹಾನಗಲ್ಲ ಸೀಮೆಯಲ್ಲಿ ಹೇಳುವುದುಂಟು. ಅದು ಸರಿಯಲ್ಲ. ನೂಕಿದವರು ಒಂಬತ್ತು ಮಂದಿ. ಅವರಲ್ಲಿ ಒಬ್ಬ ಬರೀ ಕೈ ಆನಿಸಿಕೊಂಡು ಮಾತಾಡುತ್ತ ನಡೆದವನು. ಉಳಿದ ಸಂಗತಿಗಳಿಗೆ ಊರವರು ಅಷ್ಟೇನೂ ಸುಳ್ಳು ಸೇರಿಸಿಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ.

ಮೋಟಾರು ಬಂದದ್ದು ೧೯೩೭ರ ದೀಪಾವಳಿ ಪಾಡ್ಯಕ್ಕೆ, ಹುಬ್ಬಳ್ಳಿಯ ಒಂದು ಕಂಪನಿ ಏಜೆನ್ಸಿಯಿಂದ. ಕುಬೇರಪ್ಪ ಅದಕ್ಕೆ ನಾಲ್ಕನೆಯ ಧಣಿ. ಕ್ಯಾನ್ವಾಸಿನ ಹುಡ್ಡು, ಮುಂದೆ ನಿಂತು ತಿರುವಬೇಕಾದ ಹ್ಯಾಂಡಲ್ಲು, ಮುಂಗಾಜಿನ ಎದುರಿಗೇ ಪೆಟ್ರೋಲ್ ಹಾಕುವ ಬಾಯಿ, ಆ ಬಾಯಿಗೆ ಹಿತ್ತಾಳೆಯ ಗುಂಡನೆಯ ಮುಚ್ಚಳ. ಊರಿಗೆ ಅದು ಮೊದಲ ಮೋಟಾರು. ಕುಬೇರಪ್ಪನ ತಾಯಿ ಸಿದ್ದವ್ವ ಆರತಿ ಹಿಡಿದು ಒಂದು ಸುತ್ತು ಹಾಕಿದವಳು ಆ ಮುಚ್ಚಳದ ಮುಂದೆ ನಿಂತುಬಿಟ್ಟಳು.

"ಲಿಂಗಪ್ಪ ಇಲ್ಲೇ ಕುಂತಾನಲ್ಲೋ!"

ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಮುಚ್ಚಳದ ಮೇಲೆ ಎಳೆದಳು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಕೊಟ್ಟಿಗೆಯ ಎತ್ತುಗಳ ಹಣೆಗೆ ಹಚ್ಚಿ, ಆಮೇಲೆ ಮೋಟಾರಿನ ಮುಚ್ಚಳಕ್ಕೆ ಹಚ್ಚುವುದು ಅವಳ ನೇಮವಾಯಿತು. ಆ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತು ಮೇಯುತ್ತದೆ, ಮಲಗುತ್ತದೆ, ಪೂಜೆ ಮಾಡಿಸಿಕೊಳ್ಳುತ್ತದೆ. ಮೋಟಾರಿಗೆ ಅಂಥ ಸೂಟಿ ಇರಲಿಲ್ಲ. ಅದು ಇಲ್ಲವೆಂಬುದನ್ನು ಕುಬೇರಪ್ಪ ಬಾಯಿಬಿಟ್ಟು ಹೇಳಿದ್ದರಿಂದಲೇ ಈ ಕಥೆ ಆಯಿತು.

ಹೇಳಿದ್ದು ಮುಂದಿನ ಜನವರಿಯಲ್ಲಿ, ಹಿರೇಬೆಂಡಿಗೇರಿಯ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಶಿಗ್ಗಾವಿಯ ಹತ್ತಿ ವ್ಯಾಪಾರಿ ಮಹಾಲಿಂಗಪ್ಪ ಎದುರಿಗೆ ಕುಳಿತಿದ್ದ. ಅವನ ಮಗನಿಗೆ ಕುಬೇರಪ್ಪನ ಮಗಳು ಸರೋಜವ್ವನನ್ನು ಕೇಳುವ ಮಾತು ಅದಾಗಲೇ ಅರ್ಧ ದಾರಿಗೆ ಬಂದಿತ್ತು. ಕುಬೇರಪ್ಪ ಎರಡು ವರ್ಷದಿಂದ ಬಯಸಿದ್ದ ಮನೆತನ ಅದು.

"ಈ ವರ್ಷ ಕನ್ಯಾ ನೋಡಾಕ ಶಿವರಾತ್ರಿ ಆದ ಮ್ಯಾಲಿನ ಸೋಮವಾರ ಒಂದs ಛಲೋ ದಿನ ಅಂತಾರ ನಮ್ಮ ಅಯ್ಯನವರು," ಎಂದ ಮಹಾಲಿಂಗಪ್ಪ. "ಆದರ ಸೋಮವಾರ ಎತ್ತು ಹೂಡಂಗಿಲ್ಲ. ಸರ್ವಿಸ್ ಮೋಟಾರದಾಗ ಕೋಳಿ ಬುಟ್ಟಿ ಮಗ್ಗಲಕ್ಕ ಕುಂತು ಬೀಗತನ ಮಾಡಾಕ ಬರೂದು ನಮಗ ಒಗ್ಗಂಗಿಲ್ಲ. ಮುಂದಿನ ವರ್ಷ ನೋಡೂಣಂತ."

"ಮುಂದಿನ ವರ್ಷ ಯಾಕ್ರಿ?" ಕುಬೇರಪ್ಪ ಎಲೆಯಿಂದ ಕೈ ಎತ್ತಿದ. "ನಾನs ಬಂದು ನಮ್ಮ ಮೋಟಾರದಾಗ ಕರಕೊಂಡು ಹೊಕ್ಕೇನಿ. ಅದಕ್ಕೇನ ಸೋಮವಾರ ಐತೇನ್ರಿ, ಮಂಗಳವಾರ ಐತೇನ್ರಿ?"

ಪಂಕ್ತಿಯಲ್ಲಿ ಮೂವತ್ತು ಜನ ಇದ್ದರು. ಮೂವತ್ತೂ ಜನ ಕೇಳಿಸಿಕೊಂಡರು.

ಮರುವಾರ, ಸೋಮವಾರವೇ, ಹಾನಗಲ್ಲಿಗೆ ಹೊರಟ ಮೋಟಾರು ಊರಿನಿಂದ ಎರಡು ಮೈಲಿ ದೂರದ ಹುಣಸೆ ಗಿಡದ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು.

ನಡೆಸುತ್ತಿದ್ದವನು ಕುಬೇರಪ್ಪನ ತಂಗಿಯ ಮಗ ಚನ್ನವೀರಪ್ಪ. ಧಾರವಾಡದಲ್ಲಿ ಮೆಟ್ರಿಕ್‌ವರೆಗೆ ಓದಿ, ಪರೀಕ್ಷೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿಸಿದವನು. ಕಂಪನಿಯ ಇಂಗ್ಲಿಷ್ ಪುಸ್ತಕ ಅವನ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. ಅವನು ಬಾನೆಟ್ಟು ಎತ್ತಿದ, ಪ್ಲಗ್ಗು ಬಿಚ್ಚಿ ಒರೆಸಿದ, ಪೆಟ್ರೋಲ್ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ, ಮುಚ್ಚಿದ, ಹ್ಯಾಂಡಲ್ಲು ತಿರುವಿದ. ಮೋಟಾರು ಗುಡುಗಿತು.

"ಪ್ಲಗ್ಗದಾಗ ಹೊಲಸ ಇತ್ತು ಮಾವಾ."

ಎರಡು ಮೈಲಿ ಹೋದ ಮೇಲೆ ಮತ್ತೆ ನಿಂತಿತು. ಪ್ಲಗ್ಗು, ಕಡ್ಡಿ, ಹ್ಯಾಂಡಲ್ಲು. ಮತ್ತೆ ಎರಡು ಮೈಲಿ. ಹಾನಗಲ್ಲು ಮುಟ್ಟುವ ಹೊತ್ತಿಗೆ ಪ್ಲಗ್ಗುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಕುಬೇರಪ್ಪನ ಮುಖ ಕಪ್ಪಿಟ್ಟಿತ್ತು.

ಆ ರಾತ್ರಿ ಪಡಸಾಲೆಯಲ್ಲಿ ಮನೆಯವರೆಲ್ಲ ಸೇರಿದರು. ಶಿವರಾತ್ರಿಗೆ ಐದು ವಾರ ಉಳಿದಿತ್ತು.

"ಮಾಡಿದವರ ಕೈಗೇ ಕೊಡಬೇಕು ಮಾವಾ," ಎಂದ ಚನ್ನವೀರಪ್ಪ. "ಹುಬ್ಬಳ್ಳಿ ಕಂಪನ್ಯಾಗ ಎಲ್ಲಾ ನಟ್ಟಿಗೂ ಬ್ಯಾರೆ ಬ್ಯಾರೆ ಪಾನಾ ಅದಾವು."

"ಸವಣೂರಾಗ ದಾವಲಸಾಬ ಅದಾನಲ್ಲ," ಎಂದಳು ಕುಬೇರಪ್ಪನ ಹೆಂಡತಿ ಹೊನ್ನವ್ವ. ಅವಳ ತವರು ಹತ್ತಿಮತ್ತೂರು. ಸವಣೂರಿನ ಕಡೆಯ ಯಾವ ವಸ್ತುವೂ ಅವಳ ದೃಷ್ಟಿಯಲ್ಲಿ ಕೆಟ್ಟದಾಗಿರಲು ಸಾಧ್ಯವಿರಲಿಲ್ಲ. "ನಮ್ಮ ಅಣ್ಣನ ಹತ್ತಿ ಲಾರಿ ಅಂವ ರಿಪೇರಿ ಮಾಡಿದ ಮ್ಯಾಲ ಒಂದ ದಿನ ನಿಂತಿಲ್ಲ."

ಬಾಗಿಲ ಬಳಿ ಕುಳಿತ ಗುದ್ಲೆಪ್ಪ ಎಲೆಯಡಿಕೆ ಉಗುಳಿ ಬಂದ. ಮೂವತ್ತು ವರ್ಷದಿಂದ ಆ ಮನೆಯ ಎತ್ತುಗಳನ್ನು ನೋಡಿಕೊಂಡವನು ಅವನು. "ಧಣ್ಯಾರ, ದುಡಿಯೂ ಜೀವ ದಾರ್‍ಯಾಗ ನಿಂತ್ರ ಹೊಟ್ಟಿ ನೋಡಬೇಕ್ರಿ. ಮನ್ಯಾಗ ಇಟ್ಟುಕೊಂಡು ಒಂದ ಗೊಟ್ಟ ಎಣ್ಣಿ ಹಾಕ್ರಿ. ಊರೂರು ಯಾಕ ಮೆರವಣಿಗಿ ಮಾಡತೀರಿ?"

ಒಳಗಿನಿಂದ ಸರೋಜವ್ವನ ದನಿ ಬಂತು: "ಅಪ್ಪಾ, ಬರಾಕತ್ತವರು ನನ್ನ ನೋಡಾಕ ಬರ್ತಾರೋ, ಮೋಟಾರ ನೋಡಾಕ ಬರ್ತಾರೋ?"

ಮೂರು ಸಲಹೆಗಳಲ್ಲಿ ಅತ್ಯಂತ ದೂರದ್ದೇ ಅತ್ಯಂತ ಒಳ್ಳೆಯದಿರಬೇಕೆಂದು ತೀರ್ಮಾನಿಸಿ ಕುಬೇರಪ್ಪ ಮೊದಲು ಹುಬ್ಬಳ್ಳಿಗೆ ಹೊರಟ.

ಕಂಪನಿಯಲ್ಲಿ ಕೊರಳಿಗೆ ಟೈ ಕಟ್ಟಿದ ಕಾರಕೂನನೊಬ್ಬ ಕಾಗದ ಬರೆದುಕೊಂಡ.

"ತಕರಾರು ಏನು?"

"ನಿಲ್ತೈತ್ರಿ."

"ಎಲ್ಲಿ?"

"ಎರಡ ಮೈಲಿಗೊಮ್ಮೆ."

"ಈಗ ನಿಂತಿದೆಯಲ್ಲ, ಇದು ತಾನಾಗಿ ನಿಂತದ್ದೋ, ನೀವು ನಿಲ್ಲಿಸಿದ್ದೋ?"

ಕುಬೇರಪ್ಪ ತಿರುಗಿ ಮೋಟಾರನ್ನೊಮ್ಮೆ ನೋಡಿದ.

ಕಂಪನಿಯವರು ಮೂರು ದಿನ ಇಟ್ಟುಕೊಂಡರು. ಅವರ ಪದ್ಧತಿಯಂತೆ ಮೊದಲು ಮೋಟಾರನ್ನು ಸೋಪಿನ ನೀರಿನಿಂದ ನೆತ್ತಿಯಿಂದ ಗಾಲಿಯವರೆಗೆ ತಿಕ್ಕಿ ತೊಳೆದರು, ಹಿತ್ತಾಳೆಯನ್ನೆಲ್ಲ ಬೆಳಗಿದರು, ಆಮೇಲೆ ಒಳಗೆ ಹುಡುಕಿದರು. ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಬಿಲ್ಲು ಕೊಟ್ಟರು. ಆದರೆ ಮೋಟಾರು ಹುಬ್ಬಳ್ಳಿಯಿಂದ ಆಡೂರಿನ ತನಕ ಎಲ್ಲಿಯೂ ನಿಲ್ಲದೆ ಓಡಿತು. ಚನ್ನವೀರಪ್ಪ ದಾರಿಯುದ್ದಕ್ಕೂ ಕಂಪನಿಯ ಗುಣಗಾನ ಮಾಡಿದ.

ಸಿದ್ದವ್ವ ಮಾತ್ರ ಹೊಳೆಯುವ ಮುಚ್ಚಳ ನೋಡಿ ಎದೆ ಬಡಿದುಕೊಂಡಳು. "ಬೋಳು ಹಣಿ ಮಾಡಿ ಕಳಿಸ್ಯಾರಲ್ಲೋ, ಹಾಟ್ಯಾಗಳು!" ಸೋಮವಾರ ಬಂದಾಗ, ತಪ್ಪಿದ ವಾರದ್ದನ್ನೂ ಸೇರಿಸಿ ಎರಡು ಪಟ್ಟು ಹಚ್ಚಿದಳು.

ಹುಣಸೆ ಗಿಡ. ಎರಡು ಕೆಮ್ಮು. ನಿಂತಿತು.

ಕುಬೇರಪ್ಪ ಕಂಪನಿಗೆ ಖಾರವಾದ ಪತ್ರ ಬರೆಸಿದ. ಉತ್ತರ ಇಂಗ್ಲಿಷಿನಲ್ಲಿ ಬಂತು. ಚನ್ನವೀರಪ್ಪ ಅದನ್ನು ಬಿಡಿಸಿ ಹೇಳಿದ: "ನಿಮ್ಮ ಗಾಡಿ ನಮ್ಮಲ್ಲಿದ್ದಾಗ ನಿಲ್ಲಲಿಲ್ಲ. ಆದ್ದರಿಂದ ಅದು ನಿಲ್ಲುವುದಿಲ್ಲ. ನಿಂತಿದ್ದರೆ, ತಿಳಿಸಬೇಕು."

"ನಿಂತೈತಿ ಅಂತನs ತಿಳಿಸೀನಲ್ಲೋ!" ಕುಬೇರಪ್ಪ ಪತ್ರವನ್ನು ನಾಲ್ಕು ಚೂರು ಮಾಡಿದ.

ಎರಡನೆಯ ಸರದಿ ಸವಣೂರಿನದು. ದಾವಲಸಾಬನ ಗ್ಯಾರೇಜ್ ಎಂದರೆ ಒಂದು ಬೇವಿನ ಗಿಡ, ಅದರ ಕೆಳಗೊಂದು ತಗಡಿನ ಮಾಡು. ಬಾಗಿಲಲ್ಲಿ ಅವನ ತಾಯಿ ಹಾಜರಾಬಿ ಕೌದಿ ಹೊಲಿಯುತ್ತ ಕುಳಿತಿರುತ್ತಿದ್ದಳು. ಮಗನ ಪಾನಾಗಳನ್ನು ಯಾರೂ ಒಯ್ಯದಂತೆ ಕಾಯುವುದೂ, ಮಗನ ಕೆಲಸದಲ್ಲಿ ತಪ್ಪು ಹುಡುಕುವುದೂ ಅವಳ ಕೆಲಸ.

"ಹುಬ್ಬಳ್ಳಿಗೆ ಹೋಗಿ ಬಂದ್ರಿ, ಹೌದಲ್ರಿ ಸಾಹುಕಾರ್ರ?" ಎಂದ ದಾವಲಸಾಬ. "ಹಾಂ. ಎಲ್ಲಾರೂ ಹಂಗs. ಜೀವ ಇದ್ದಾಗ ಕಂಪನಿ, ಹೆಣ ಆದ ಮ್ಯಾಲ ದಾವಲಸಾಬ."

ಪೆಟ್ರೋಲ್ ಮುಚ್ಚಳ ತೆಗೆದು ಮೂಗಿನಿಂದ ಪರೀಕ್ಷೆ ಮಾಡಿದ. ಮುಚ್ಚಿದ. ಇಂಜಿನ್ನಿಗೆ ಕಟ್ಟಿಗೆಯ ತುಂಡೊಂದನ್ನು ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ವೈದ್ಯನಂತೆ ಕಣ್ಣು ಮುಚ್ಚಿದ. ಕಾರ್ಬುರೇಟರ್ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ತೊಳೆದು ಕೂಡಿಸಿದ. ಎರಡು ನಟ್ಟು ಉಳಿದವು.

"ಇವು?" ಎಂದ ಕುಬೇರಪ್ಪ.

"ಕಂಪನಿಯವರು ಹೆಚ್ಚಿಗಿ ಹಾಕಿದ್ರು."

ಆಮೇಲೆ ಕೋಟೆ ಬಾಗಿಲಿನ ತನಕ ಓಡಿಸಿಕೊಂಡು ಹೋಗಿ ಬಂದ. ಮೋಟಾರು ಎಲ್ಲಿಯೂ ನಿಲ್ಲಲಿಲ್ಲ. "ಆತು ನೋಡ್ರಿ. ಇನ್ನ ಮುಂಬಯಿಗೆ ಹೋಗ್ರಿ."

ಹಾಜರಾಬಿ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಎರಡ ಮೈಲಿಗೆ ನಿಲ್ಲೂ ಗಾಡೀನ ಒಂದೂವರಿ ಮೈಲಿ ಓಡಿಸಿ ಆತು ಅಂತೀಯಲ್ಲೋ, ಶಾಣ್ಯಾ!"

"ಅಮ್ಮಾ, ನೀ ಕೌದಿ ಹೊಲಿ."

ಸವಣೂರಿನಿಂದ ಆಡೂರಿಗೆ ಬರುವಷ್ಟರಲ್ಲಿ ಮೋಟಾರು ಹನ್ನೆರಡು ಸಲ ನಿಂತಿತು. ಆರನೆಯ ಸಲದ ನಂತರ ಕುಬೇರಪ್ಪ ಕೆಳಗೆ ಇಳಿಯುವುದನ್ನು ಬಿಟ್ಟ. ಒಂಬತ್ತನೆಯ ಸಲದ ನಂತರ ಮಾತಾಡುವುದನ್ನು ಬಿಟ್ಟ. ಹೊನ್ನವ್ವನಿಗೆ ಮಾತ್ರ, ಮನೆಗೆ ಬಂದ ಮೇಲೆ, ನಿಮ್ಮ ಅಣ್ಣನ ಲಾರಿ ನಿಲ್ಲದಿರಲು ಕಾರಣ ಅದಕ್ಕೆ ಬ್ರೇಕು ಇಲ್ಲದಿರುವುದೇ ಎಂದು ಒಂದು ಮಾತು ಹೇಳಿದ.

ಉಳಿದದ್ದು ಮನೆಮದ್ದು. ಗುದ್ಲೆಪ್ಪ ಶುಕ್ರವಾರ ಬೆಳಿಗ್ಗೆ ತಲೆಗೆ ಪಟಗಾ ಬಿಗಿದು ಬಂದ. ಎತ್ತುಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ತೊಳೆದು, ಅದರ ತುಂಬ ಹೊಟ್ಟೆ ಸಡಿಲಿಸುವ ಔಡಲೆಣ್ಣೆ ಹೊಯ್ದುಕೊಂಡು, ಇಂಜಿನ್ನಿಗೆ ಎಣ್ಣೆ ಹಾಕುವ ಬಾಯಿ ಯಾವುದೆಂದು ಚನ್ನವೀರಪ್ಪನನ್ನು ಕೇಳಿದ.

"ಮಾವಾ, ಇದು ಪುಸ್ತಕದಾಗ ಇಲ್ಲ!"

"ಪುಸ್ತಕದಾಗ ಇದ್ದದ್ದೆಲ್ಲಾ ಮಾಡಿ ಆತಲ್ಲ," ಎಂದ ಕುಬೇರಪ್ಪ. "ಹಾಕೋ ಗುದ್ಲೆಪ್ಪಾ."

ಯುರೋಪಿನ ಮಹಾಯುದ್ಧದಲ್ಲಿ ವಿಮಾನಗಳ ಇಂಜಿನ್ನಿಗೆ ಔಡಲೆಣ್ಣೆಯನ್ನೇ ಹಾಕುತ್ತಿದ್ದರು. ಇದು ದಾಖಲಾದ ಸಂಗತಿ. ಗುದ್ಲೆಪ್ಪನಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಎತ್ತಿನ ಹೊಟ್ಟೆ. ಏನೇ ಇರಲಿ, ಎಣ್ಣೆಯಿಂದ ಇಂಜಿನ್ನು ಕೆಡಲಿಲ್ಲ. ಅದರ ಹೊಗೆ ಮಾತ್ರ ದಪ್ಪಗೆ, ಬಿಳಿಯಾಗಿ, ಊರ ತುಂಬ ಹರಡಿತು. ಹೊಗೆಯ ಹಿಂದೆ ಓಡಿದವರಲ್ಲಿ ಏಳು ಮಂದಿ ಆ ಸಂಜೆ ಅವಸರದಿಂದ ತಂಬಿಗೆ ಹುಡುಕಿದರಂತೆ. ವಿಚಾರಿಸಿದಾಗ ಒಪ್ಪಿಕೊಂಡವರು ಮೂವರು.

ಎರಡು ಮೈಲಿಗೆ ಮೋಟಾರು ನಿಂತಿತು.

ಈ ಹೊತ್ತಿಗೆ ಊರು ತನ್ನದೇ ತೀರ್ಮಾನಕ್ಕೆ ಬಂದಿತ್ತು. ಮೊದಲ ಸಲ ನಿಂತದ್ದು ಸೋಮವಾರ. ಹುಬ್ಬಳ್ಳಿಯಿಂದ ಬಂದ ಮೇಲೆ ನಿಂತದ್ದೂ ಸೋಮವಾರ. ಹಾಗಾದರೆ ಮೋಟಾರು ಸೋಮವಾರದ ನೇಮ ಹಿಡಿದಿದೆ. ಬಸವಣ್ಣನ ದಿನ ದುಡಿಯುವುದಿಲ್ಲ. ಮೋಟಾರು ಬುಧವಾರ, ಶುಕ್ರವಾರಗಳಲ್ಲಿಯೂ ಧಾರಾಳವಾಗಿ ನಿಂತಿತ್ತು. ಆದರೆ ಊರೊಂದು ತೀರ್ಮಾನಕ್ಕೆ ಬಂದ ಮೇಲೆ ವಾರಗಳನ್ನು ಎಣಿಸುವುದಿಲ್ಲ.

"ನಮ್ಮೂರ ಶಾಸನದ ಕಲ್ಲಿನ ಮ್ಯಾಲಿನ ಅಕ್ಷರ ಸಾವಿರ ವರ್ಷದಿಂದ ಹಂಗs ಅದಾವು," ಎಂದು ನೆರೆಮನೆಯ ಹೊಳಬಸಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿದ. "ಕುಬೇರಪ್ಪನ ಮಾತು ಶಿವರಾತ್ರಿ ತನಕ ಉಳೀತೈತೇನು ನೋಡಬೇಕು."

ಆ ಸೋಮವಾರ ಬಂದೇ ಬಂತು. ಕುಬೇರಪ್ಪ ನಸುಕಿನಲ್ಲೇ ಹೊರಟ. ಚನ್ನವೀರಪ್ಪ ಪುಸ್ತಕ ಹಿಡಿದು ಸ್ಟಿಯರಿಂಗ್ ಚಕ್ರದ ಮುಂದೆ, ಗುದ್ಲೆಪ್ಪ ಗೊಟ್ಟ ಹಿಡಿದು ಅವನ ಮಗ್ಗುಲಿಗೆ. ಸಿದ್ದವ್ವ ಶುಭಕಾರ್ಯವೆಂದು ಅರ್ಧ ಗಟ್ಟಿ ವಿಭೂತಿ ಸವೆಸಿದ್ದಳು. ನಿಂತು, ನಡೆದು, ನಿಂತು, ಅಂತೂ ಶಿಗ್ಗಾವಿ ಮುಟ್ಟಿದರು. ಮಹಾಲಿಂಗಪ್ಪ ಜರಿ ರುಮಾಲು ಸುತ್ತಿ ಕಾಯುತ್ತಿದ್ದ. ಅವನ ತಾಯಿ ಅಡಿವೆವ್ವ, ಆ ಮನೆಯಲ್ಲಿ ಕೊನೆಯ ಮಾತು ಅವಳದೇ, ಕೋಲೂರಿಕೊಂಡು ಬಂದು ಹಿಂದಿನ ಸೀಟಿನ ನಡುವೆ ಕುಳಿತಳು. ಕುಬೇರಪ್ಪನಿಗೆ ಒಂದು ಮೂಲೆ ಸಿಕ್ಕಿತು.

ಎರಡು ಮೈಲಿಗೆ ಮೋಟಾರು ನಿಂತಿತು.

"ಇಲ್ಲಿ ನೆರಳು ಛಲೋ ಐತ್ರಿ," ಎಂದ ಕುಬೇರಪ್ಪ. "ಜರಾ ದಣಿವು ಆರಿಸಿಕೊಳ್ರಿ ಅಂತ ನಾನs ನಿಲ್ಲಿಸಾಕ ಹೇಳಿದ್ದೆ."

ಎರಡನೆಯ ಸಲ ಬಾವಿಯ ನೀರು ಸಿಹಿಯಾಗಿತ್ತು. ಮೂರನೆಯ ಸಲ ಪರಿಚಯದವರ ಹತ್ತಿ ಬೆಳೆ ನೋಡಬೇಕಾಗಿತ್ತು. ನಾಲ್ಕನೆಯ ಸಲ ಇಂಜಿನ್ನಿಗೆ ನೀರು, ಐದನೆಯ ಸಲ ಅಜ್ಜಿಗೆ ನೀರು. ಆರನೆಯ ಸಲ ಕುಬೇರಪ್ಪ ಅಭ್ಯಾಸಬಲದಿಂದ, "ಇಲ್ಲಿ ನೆರಳು..." ಎಂದು ಆರಂಭಿಸಿದ.

"ಕುಬೇರಪ್ಪನವರ," ಎಂದ ಮಹಾಲಿಂಗಪ್ಪ ಹಣೆಯ ಬೆವರು ಒರೆಸುತ್ತ, "ಇಲ್ಲಿ ಗಿಡನs ಇಲ್ಲಲ್ರಿ."

ಆಡೂರು ಕಣ್ಣಿಗೆ ಬಿದ್ದಿತು. ಇನ್ನೊಂದು ಮೈಲಿ. ಮೋಟಾರು ಕೆಮ್ಮತೊಡಗಿತು. ಗುದ್ಲೆಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಧಣಿಯ ಮಾನ ಉಳಿಸಬೇಕೆಂದು, ಮೋಟಾರು ನಿಂತ ಕ್ಷಣವೇ ಹಾರಿ ಇಳಿದು, ಕಣ್ಣೆದುರಿಗೆ ಕಂಡ ಮುಚ್ಚಳ ತಿರುವಿ, ಗೊಟ್ಟದ ಎಣ್ಣೆಯನ್ನೆಲ್ಲ ಒಳಗೆ ಹೊಯ್ದ. ಅದು ಪೆಟ್ರೋಲಿನ ಬಾಯಿ. ಎತ್ತಿಗೆ ಒಂದೇ ಬಾಯಿ ಇರುವುದರಿಂದ ಮೂವತ್ತು ವರ್ಷ ಅವನಿಗೆ ಈ ತೊಂದರೆ ಬಂದಿರಲಿಲ್ಲ.

ಚನ್ನವೀರಪ್ಪ ಹ್ಯಾಂಡಲ್ಲು ತಿರುವಿದ. ಮೋಟಾರು ಒಂದು ಬಿಳಿ ಉಸಿರು ಬಿಟ್ಟು ಸುಮ್ಮನಾಯಿತು.

ಹೊಲಗಳಲ್ಲಿ ಎತ್ತುಗಳು ಹಾಯಾಗಿ ಮೇಯುತ್ತಿದ್ದವು. ಅಂದು ಅವನ್ನು ಹೂಡು ಎನ್ನುವ ಬಾಯಿ ಆ ಸೀಮೆಯಲ್ಲಿರಲಿಲ್ಲ.

"ಧಣ್ಯಾರ," ಗುದ್ಲೆಪ್ಪ ಪಿಸುಗುಟ್ಟಿದ, "ಕೆರಿ ದಂಡ್ಯಾಗ ಹೊಳಬಸಪ್ಪನ ಕ್ವಾಣ ಅದಾವು. ಕ್ವಾಣಕ್ಕ ಸೋಮವಾರ ಇಲ್ಲ. ಕಟ್ಟಲೇನ್ರಿ?"

"ಕನ್ಯಾ ನೋಡಾಕ ಬಂದವರನ್ನ ಯಮನ ವಾಹನ ಕಟ್ಟಿ ಊರಾಗ ತರ್ತೀಯೇನಲೇ!" ಕುಬೇರಪ್ಪ ಹಲ್ಲು ಕಡಿದ.

ಅಷ್ಟರಲ್ಲಿ ಹೊಳಬಸಪ್ಪನೇ ಎಂಟು ಮಂದಿಯೊಂದಿಗೆ ಬಂದ. ನೂಕತೊಡಗಿದರು. ಬರೀ ಕೈ ಆನಿಸಿಕೊಂಡು ನಡೆದವನೆಂದು ಮೊದಲೇ ಹೇಳಿದೆನಲ್ಲ, ಅವನು ಹೊಳಬಸಪ್ಪ. ಅವನ ಬಾಯಿಗೆ ಬಿಡುವಿತ್ತು.

"ನೀವ ಚಿಂತಿ ಮಾಡಬ್ಯಾಡ್ರಿ ಅಮ್ಮಾರ," ಎಂದ ಅಡಿವೆವ್ವನಿಗೆ. "ಮಾರಿಪೂಜಿ ಮಾಡಿದ್ರೂ ಇದು ಇವತ್ತ ಓಡಂಗಿಲ್ಲ. ಈ ಮೋಟಾರ ಸೋಮವಾರ ಹಿಡಿದೈತಿ. ಇಡೀ ಊರಿಗೇ ಗೊತ್ತೈತಿ. ಕುಬೇರಪ್ಪ ಒಬ್ಬಾಂವ ಒಪ್ಪವಲ್ಲ."

ಕುಬೇರಪ್ಪ ಕಣ್ಣು ಮುಚ್ಚಿದ. ಎರಡು ವರ್ಷದ ಬಯಕೆ, ಮೂವತ್ತು ಜನರ ಮುಂದಿನ ಮಾತು, ಮಗಳ ಭಾಗ್ಯ, ಎಲ್ಲವೂ ಒಂದು ಗೊಟ್ಟ ಔಡಲೆಣ್ಣೆಯಲ್ಲಿ ಮುಳುಗಿ ಹೋದವು.

"ನಿಲ್ಲಿಸ್ರೋ!" ಎಂದಳು ಅಡಿವೆವ್ವ.

ನಿಂತಿತು. ಮುದುಕಿ ಮುಂದಕ್ಕೆ ಬಾಗಿ, ಗಾಜಿನ ಆಚೆ ವಿಭೂತಿ ಮೆತ್ತಿದ ಮುಚ್ಚಳವನ್ನು ನೋಡಿದಳು. ಕೋಲು ಎತ್ತಿ ಮಗನ ಮೊಣಕಾಲಿಗೆ ತಿವಿದಳು.

"ಮಹಾಲಿಂಗಾ, ಇಳಿ ಕೆಳಗ! ಸೋಮವಾರ ಹಿಡಿದ ಜೀವದ ಮ್ಯಾಲ ಕುಂತು ಬರಾಕತ್ತೇವಲ್ಲೋ. ಪಾಪ, ಹೆಜ್ಜಿ ಹೆಜ್ಜಿಗೂ ನಿಂತು ನಿಂತು ಹೇಳೇತಿ. ನಿನಗ ತಿಳೀಲಿಲ್ಲ!"

ಅವಳು ಇಳಿದು ಮೋಟಾರಿಗೆ ಕೈಮುಗಿದು ಊರಿಗೆ ನಡೆದೇ ಬಂದಳು. ಮಹಾಲಿಂಗಪ್ಪ ಜರಿ ರುಮಾಲಿನೊಂದಿಗೆ ಹಿಂದೆ ನಡೆದ. ಸರೋಜವ್ವ ನೀರು ತಂದುಕೊಟ್ಟಳು. ಅಡಿವೆವ್ವ ಹುಡುಗಿಯ ಮುಖ ನೋಡಿದ್ದು ಎರಡು ನಿಮಿಷ. ಮೋಟಾರಿನ ನೇಮದ ಬಗ್ಗೆ ಸಿದ್ದವ್ವನನ್ನು ಕೇಳಿದ್ದು ಒಂದು ತಾಸು.

"ಈ ಮನ್ಯಾಗ ತಗಡಿಗೂ ನೇಮ ಐತಿ," ಎಂದು ಕೊನೆಗೆ ತೀರ್ಪು ಕೊಟ್ಟಳು. "ಹೆಣ್ಣಿಗೆ ಇನ್ನೆಷ್ಟು ಇರಬ್ಯಾಡ? ಹುಡುಗಿ ನಮ್ಮದು."

ಇಲ್ಲಿಗೆ ಕುಬೇರಪ್ಪನ ಕಷ್ಟ ಮುಗಿಯಬೇಕಾಗಿತ್ತು.

ಗುರುವಾರ ದಾವಲಸಾಬ ಬಂದ, ಜೊತೆಗೆ ಹಾಜರಾಬಿಯೂ ಬಂದಳು. ಪೆಟ್ರೋಲ್ ಟಾಕಿಯಿಂದ ಔಡಲೆಣ್ಣೆ ಬಸಿದು ತೊಳೆಯುವಾಗ ಮಗ ಮುಚ್ಚಳವನ್ನು ತಾಯಿಯ ಕೈಗೆ ಕೊಟ್ಟಿದ್ದ. ಅವಳು ಅದನ್ನು ತಿರುಗಿಸಿ ನೋಡಿದಳು.

"ಇದರಾಗೊಂದು ತೂತು ಐತಿ, ಬೂದಿ ಮೆತ್ತಿ ಮುಚ್ಚೇತಿ. ಚಿಮಣಿ ಎಣ್ಣಿ ಡಬ್ಬಿಗೆ ಒಂದs ತೂತು ಹೊಡದ್ರ ಎಣ್ಣಿ ಬೀಳತೈತೇನೋ? ಗಾಳಿಗೆ ಇನ್ನೊಂದು ಬೇಕಲ್ಲ. ಎರಡ ಮೈಲಿ ಹೋಗೂದರಾಗ ಉಸಿರು ಕಟ್ಟತೈತಿ. ನೀವು ಎಣ್ಣಿ ಐತೋ ಇಲ್ಲೋ ಅಂತ ಮುಚ್ಚಳ ತಗೀತೀರಿ, ಉಸಿರು ಬರತೈತಿ."

ಕೌದಿಯ ಸೂಜಿಯಿಂದ ಚುಚ್ಚಿದಳು. ಒಂದು ಚಿಟಿಕೆ ವಿಭೂತಿ ಉದುರಿತು. ಮೋಟಾರು ಹಾನಗಲ್ಲಿಗೆ ಹೋಗಿ ನಿಲ್ಲದೆ ತಿರುಗಿ ಬಂತು.

"ಗ್ಯಾರೇಜ್ ಅಂದ್ರ ಇದು ನೋಡ್ರಿ," ಎಂದ ದಾವಲಸಾಬ.

"ಹದಿನೇಳನೇ ಪುಟದಾಗ ಬರದೈತಿ ಮಾವಾ, ಕಂಪನಿಯವರು ಮೊದಲs ಹೇಳ್ಯಾರ," ಎಂದ ಚನ್ನವೀರಪ್ಪ.

"ಔಡಲೆಣ್ಣಿ ಒಳಗಿಂದ ಸಡ್ಲ ಮಾಡಿತ್ತು, ಅದಕ್ಕs ಸೂಜಿ ಹೋತು," ಎಂದ ಗುದ್ಲೆಪ್ಪ.

ಕುಬೇರಪ್ಪ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಒಳಗೆ ಹೋಗಿ ಮಲಗಿಕೊಂಡ.

ಶನಿವಾರ ಮಹಾಲಿಂಗಪ್ಪನ ಪತ್ರ ಬಂತು. ತಾಯಿಯವರು ನಿಮ್ಮ ಮೋಟಾರಿನ ಮಹಿಮೆಯನ್ನು ಬಳಗಕ್ಕೆಲ್ಲ ಹೇಳಿದ್ದಾರೆ. ಎಲ್ಲರಿಗೂ ಸಂತೋಷ. ಹಿರೇಕೆರೂರಿನ ನಮ್ಮ ಸೋದರಮಾವ ಪರಮೇಶ್ವರಪ್ಪ ಮಾತ್ರ ಒಪ್ಪುತ್ತಿಲ್ಲ. ಅವರು ಕೋರ್ಟಿನಲ್ಲಿ ಜಪ್ತಿ ಮಾಡುವ ಬೇಲಿಫ್. ಪಂಚನಾಮೆ ಇಲ್ಲದೆ ಏನನ್ನೂ ನಂಬುವುದಿಲ್ಲ. ಮೋಟಾರು ಸೋಮವಾರ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ವೀಳ್ಯದ ಶಾಸ್ತ್ರ ಎನ್ನುತ್ತಾರೆ. ರವಿವಾರ ಸಂಜೆ ಎಲ್ಲರೂ ಬಂದು ನಿಮ್ಮಲ್ಲೇ ವಸ್ತಿ ಇರುತ್ತೇವೆ.

ಸೋಮವಾರ ಬೆಳಗಾಯಿತು. ಬೇಲಿಫ್ ಪರಮೇಶ್ವರಪ್ಪ ಕೋಟು ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ. ಸಿದ್ದವ್ವ ಎತ್ತುಗಳ ಹಣೆಗೆ ವಿಭೂತಿ ಹಚ್ಚಿ, ಮೋಟಾರಿನ ಕಡೆ ನೋಡಿ, ಸಪ್ಪೆ ಮುಖದಿಂದ ಒಳಗೆ ಹೊರಟಿದ್ದಳು. ತನ್ನ ಕೈಯಿಂದಲೇ ಇಷ್ಟೆಲ್ಲ ಆಯಿತೆಂದು ತಿಳಿದ ಮೇಲೆ ಅವಳು ಆ ಮುಚ್ಚಳದ ಹತ್ತಿರ ಹೋಗಿರಲಿಲ್ಲ.

ಕುಬೇರಪ್ಪ ಹಿತ್ತಲ ಬಾಗಿಲಿನಿಂದ ಬಂದು ತಾಯಿಯ ದಾರಿಗೆ ಅಡ್ಡ ನಿಂತ. ಕೈಯಲ್ಲಿ ಹೊಸದೊಂದು ವಿಭೂತಿ ಗಟ್ಟಿ, ನೀರಿನ ಬಟ್ಟಲು.

"ಯವ್ವಾ," ಎಂದ ತಗ್ಗಿದ ದನಿಯಲ್ಲಿ, "ಹಚ್ಚಬೇ. ತೂತಿನ ಮ್ಯಾಲ ಜರಾ ದಪ್ಪಗ ಹಚ್ಚು."